ಎರಡು ಟ್ಯಾಬ್ಲೆಟ್, ಒಬ್ಬಳು ಅಕ್ಕ

ನಾನಿರುವ ಕಟ್ಟಡದ ಮೆಟ್ಟಿಲು ಹತ್ತಿ ಯಾವ ಸಾಮಾನೂ ಈವರೆಗೆ ಸುಮ್ಮನೆ ಮೇಲೆ ಬಂದದ್ದಿಲ್ಲ. ಒಮ್ಮೆ ಯಾರದೋ ಸೋಫಾ ಮೆಟ್ಟಿಲ ತಿರುವಿನಲ್ಲಿ ಸಿಕ್ಕಿಕೊಂಡಿತು. ಇಡೀ ಮಧ್ಯಾಹ್ನ ಎಲ್ಲರೂ ಅದನ್ನು ಹತ್ತಿ ಇಳಿದೇ ತಮ್ಮ ತಮ್ಮ ಮನೆ ಸೇರಬೇಕಾಯಿತು. ಕೆಲವರು ನಡುವೆ ಕೂತು ಕಾಫಿಯನ್ನೂ ಕುಡಿದರು. ಇನ್ನೊಮ್ಮೆ ಮೇಲಿನ ಮನೆಗೆ ಊರಿನಿಂದ ಗ್ರೈಂಡರ್ ಬಂತು. ಅದು ಮೊದಲ ಸಲ ಅಕ್ಕಿ ಅರೆಯಲು ಶುರು ಮಾಡಿದಾಗ, ರಸ್ತೆ ಅಗೆಯುತ್ತಿದ್ದಾರೆಂದು ತಿಳಿದು ಎದುರಿನ ಕಟ್ಟಡದವರು ಕಾರು ತೆಗೆದು ಬೇರೆ ಕಡೆ ನಿಲ್ಲಿಸಿದರು. ಇಷ್ಟೆಲ್ಲ ನೋಡಿದವಳು ನಾನು. ಆದರೂ ಒಂದು ಟ್ಯಾಬ್ಲೆಟ್ ಕೊಳ್ಳಬೇಕು ಎಂದು ಹೊರಟಾಗ, ಸ್ಲೇಟಿನಷ್ಟು ತೆಳ್ಳಗಿನ ವಸ್ತು, ಇದರಲ್ಲಿ ಎಂತ ಗಲಾಟೆ ಆದೀತು ಎಂದುಕೊಂಡೆ.

ಈ ಮ್ಯಾನ್‌ಹೈಮ್ ಊರಿಗೆ ನಾನು ನರ್ಸಾಗಿ ಬಂದದ್ದು ಬಹಳ ಹಿಂದೆ. ಆಗ ಇಲ್ಲಿ ಕನ್ನಡ ಕೇಳಬೇಕೆಂದರೆ ನನ್ನಷ್ಟಕ್ಕೆ ನಾನೇ ಮಾತಾಡಿಕೊಳ್ಳಬೇಕಿತ್ತು. ಈಗ ಹಾಗಿಲ್ಲ. ಬ್ಲೂ ಕಾರ್ಡ್ ಎಂಬ ಕೆಲಸದ ಪರವಾನಗಿ ಹಿಡಿದು ನಮ್ಮ ಕಡೆಯ ಇಂಜಿನಿಯರುಗಳು ಬರತೊಡಗಿದ ಮೇಲೆ, ಟ್ರಾಮಿನಲ್ಲಿ ಯಾರ ಬಗ್ಗೆಯಾದರೂ ಕನ್ನಡದಲ್ಲಿ ಚಾಡಿ ಹೇಳಲಿಕ್ಕೇ ಹೆದರಿಕೆ. ನನ್ನ ಮೇಲಿನ ಮನೆಯಲ್ಲಿ ಅಂಥದೇ ಒಂದು ಜೋಡಿ ಉಂಟು. ಹುಡುಗ ಮೈಸೂರಿನವನು, ಸಾಫ್ಟ್‌ವೇರ್ ಕೆಲಸ, ಮುಖ ತುಂಬ ಗಡ್ಡ. ಹುಡುಗಿ ಹುಬ್ಬಳ್ಳಿಯವಳು, ಇಲ್ಲಿ ಜರ್ಮನ್ ಕಲಿಯುತ್ತಿದ್ದಾಳೆ. ಇಬ್ಬರಿಗೂ ನಾನು ಆಂಟಿ. ಕೆಳಗಿನ ಮನೆಯಲ್ಲಿ ನನ್ನದೇ ವಯಸ್ಸಿನ ಜರ್ಮನ್ ಹೆಂಗಸು. ಲೈಬ್ರರಿಯಲ್ಲಿ ಕೆಲಸ ಮಾಡಿ ನಿವೃತ್ತಿಯಾದವರು. ಈ ಮೂವರೂ ಸೇರಿ ನನಗೆ ಟ್ಯಾಬ್ಲೆಟ್ ಕೊಡಿಸಿದರು. ಅದೇ ಕತೆ.

ಅಕ್ಕನ ಕಿವಿ

ಟ್ಯಾಬ್ಲೆಟ್ ಬೇಕಾದದ್ದು ಅಕ್ಕನ ದೆಸೆಯಿಂದ. ಅಕ್ಕ ಉಡುಪಿಯಲ್ಲಿ ಮಗ ಸೊಸೆಯ ಜೊತೆ ಇದ್ದಾಳೆ. ನಾನು ಜರ್ಮನಿಗೆ ಬಂದ ಲಾಗಾಯ್ತಿನಿಂದ ಪ್ರತಿ ಭಾನುವಾರ ಚರ್ಚು ಮುಗಿದ ಮೇಲೆ ನಮ್ಮಿಬ್ಬರದು ಫೋನಿನಲ್ಲಿ ಮಾತು. ಮಾತು ಎಂದರೆ ಜಗಳ. ಫೋನು ದುಬಾರಿಯಿದ್ದ ಕಾಲದಲ್ಲೂ ನಾವು ಜಗಳದಲ್ಲಿ ಜಿಪುಣತನ ಮಾಡಿದವರಲ್ಲ. ಅಮ್ಮನ ಪತ್ರೊಡೆಯ ಕೈರುಚಿ ಯಾರಿಗೆ ಬಂದಿದೆ ಎಂಬ ಒಂದೇ ವಿಷಯದ ಮೇಲೆ ಒಂದು ಇಡೀ ಚಳಿಗಾಲ ಕಳೆದಿದ್ದೇವೆ.

ಈಚೆಗೆ ಅಕ್ಕನಿಗೆ ಕಿವಿ ಕೇಳಿಸುವುದಿಲ್ಲ. ಮಗ ಕಿವಿಯ ಮೆಷಿನ್ ತೆಗೆಸಿಕೊಟ್ಟ. ಅವಳು ಅದನ್ನು ಬೀರುವಿನಲ್ಲಿ ಬಂಗಾರದ ಜೊತೆ ಇಟ್ಟು ಬೀಗ ಹಾಕಿದಳು; ಮದುವೆಗೆ ಹೋಗುವಾಗ ಮಾತ್ರ ಹೊರಗೆ ತೆಗೆಯುತ್ತಾಳೆ. ಕೇಳಿದರೆ, "ದಿನಾ ಹಾಕಿದ್ರೆ ಸವೆದು ಹೋಗ್ತದೆ" ಎನ್ನುತ್ತಾಳೆ. ಮನೆಯಲ್ಲಿ ಎದುರಿಗಿದ್ದವರ ತುಟಿ ನೋಡಿಯೇ ಎಲ್ಲ ತಿಳಿದುಕೊಳ್ಳುತ್ತಾಳೆ. ಅದರಲ್ಲಿ ಅವಳನ್ನು ಮೀರಿಸುವವರಿಲ್ಲ ಎಂದು ಸೊಸೆ ಹೇಳುತ್ತಾಳೆ; ಹೇಳುವಾಗ ಬಾಯಿಗೆ ಸೆರಗು ಅಡ್ಡ ಹಿಡಿದುಕೊಳ್ಳುತ್ತಾಳೆ.

ವಿಡಿಯೋ ಕಾಲ್ ಮಾಡುವಾಗ ಸೊಸೆ ತನ್ನ ಫೋನನ್ನು ಅಲ್ಲಿಯ ದೊಡ್ಡ ಟಿವಿಗೆ ಜೋಡಿಸಿ ಕೊಡುತ್ತಾಳೆ. ಅಲ್ಲಿ ನನ್ನ ಮುಖ ದೋಸೆಕಲ್ಲಿನಷ್ಟು ದೊಡ್ಡದಾಗಿ ಕಾಣುತ್ತದೆ. ಆದರೆ ನನ್ನ ಈ ಹಳೆಯ ಫೋನಿನ ಕ್ಯಾಮೆರಾ ಮಂಕಾಗಿ ಎಷ್ಟೋ ಕಾಲವಾಯಿತು. ಮುಖ ದೊಡ್ಡದು, ತುಟಿ ಮಾತ್ರ ಮಂಜಿನಲ್ಲಿ. ಅಕ್ಕ ಸ್ವಲ್ಪ ಹೊತ್ತು ಕಣ್ಣು ಕಿರಿದು ಮಾಡಿ ನೋಡುತ್ತಾಳೆ, ಆಮೇಲೆ ಸೊಸೆಗೆ "ಇಡು" ಎಂದು ಸನ್ನೆ ಮಾಡುತ್ತಾಳೆ. ನಾವು ಸರಿಯಾಗಿ ಒಂದು ಜಗಳ ಆಡದೆ ಎರಡು ತಿಂಗಳು ಕಳೆದಿತ್ತು. ಹೀಗೇ ಬಿಟ್ಟರೆ ಅವಳು ಭಾನುವಾರ ಟಿವಿ ಮುಂದೆ ಬಂದು ಕೂರುವುದನ್ನೇ ನಿಲ್ಲಿಸುತ್ತಾಳೆ ಎಂದು ನನಗೆ ಒಳಗೊಳಗೇ ಹೆದರಿಕೆ. ಅಕ್ಕನ ಸ್ವಭಾವ ನನಗೆ ಗೊತ್ತು. ಒಮ್ಮೆ ಬಿಟ್ಟದ್ದನ್ನು ಮತ್ತೆ ಹಿಡಿಯುವವಳಲ್ಲ.

ಕೊನೆಯ ಭಾನುವಾರ ನಾನು ಬೆಳಕಿಗೆ ಮುಖ ಕೊಟ್ಟು, ಒಂದೊಂದೇ ಶಬ್ದ ಬಿಡಿಸಿ ಬಿಡಿಸಿ, ನನ್ನ ಮಂಡಿನೋವಿನ ಕತೆಯನ್ನೆಲ್ಲ ಹೇಳಿದೆ. ಅಕ್ಕ ಕೊನೆಯವರೆಗೆ ತಾಳ್ಮೆಯಿಂದ ನೋಡಿದಳು. ಮತ್ತೆ ಕೇಳಿದಳು: "ನೀನು ಮಾತಾಡ್ತಾ ಇದ್ದೀಯಾ, ಎಲೆಯಡಿಕೆ ಜಗೀತಾ ಇದ್ದೀಯಾ? ಅದೊಂದು ಹೇಳು ಸಾಕು."

ಹುಡುಗ ಹಾಕಿದ ಪಟ್ಟಿ

ಮೇಲಿನ ಮನೆಯ ಹುಡುಗನಿಗೆ ಹೇಳಿದೆ. ಅವನು ಲ್ಯಾಪ್‌ಟಾಪ್ ಸಮೇತ ಇಳಿದು ಬಂದ. ಹಿಂದೆಯೇ ಅವನ ಹೆಂಡತಿ, ಚಕ್ಕುಲಿ ಡಬ್ಬಿ ಸಮೇತ.

"ಆಂಟಿ, ಫಸ್ಟು ನಿಮ್ಮ ಯೂಸೇಜ್ ಏನು ಹೇಳಿ. ಯಾವುದಕ್ಕೆ ಬೇಕು?"

"ಅಕ್ಕನ ಹತ್ರ ಜಗಳ ಮಾಡ್ಲಿಕ್ಕೆ."

ಅವನು 'ವಿಡಿಯೋ ಕಾನ್ಫರೆನ್ಸ್' ಎಂದು ಬರೆದುಕೊಂಡ.

"ಬಜೆಟ್?"

"ಕಡಿಮೆ. ಜಗಳ ಪುಕ್ಕಟೆ, ಅದಕ್ಕೆ ದುಬಾರಿ ಸಾಮಾನು ಯಾಕೆ?"

ಆಮೇಲೆ ಶುರುವಾಯಿತು ನೋಡಿ. ಪ್ರತಿದಿನ ಸಂಜೆ ಆಫೀಸಿನಿಂದ ಬಂದವನೇ ನನ್ನ ಅಡುಗೆಮನೆಯ ಮೇಜಿನ ಮೇಲೆ ಲ್ಯಾಪ್‌ಟಾಪ್ ತೆರೆಯುತ್ತಿದ್ದ. ಪ್ರಪಂಚದಲ್ಲಿರುವ ಅಗ್ಗದ ಆಂಡ್ರಾಯ್ಡ್ ಟ್ಯಾಬ್ಲೆಟ್‌ಗಳನ್ನೆಲ್ಲ ಸಾಲಾಗಿ ನಿಲ್ಲಿಸಿದ. ಪ್ರೊಸೆಸರ್ ಯಾವುದು, ರ್‍ಯಾಮ್ ಎಷ್ಟು, ಬ್ಯಾಟರಿ ಎಷ್ಟು ಹೊತ್ತು, ತೂಕ ಎಷ್ಟು ಗ್ರಾಂ. ಆಸ್ಪತ್ರೆಯಲ್ಲಿ ಹೊಸದಾಗಿ ಸೇರಿದ ರೋಗಿಗೂ ನಾವು ಇಷ್ಟು ಪರೀಕ್ಷೆ ಬರೆದದ್ದಿಲ್ಲ. ಒಂದೊಂದೇ ಉದುರಿ ಕೊನೆಗೆ ಎರಡು ಉಳಿದವು. ಒಂದು ಕಪ್ಪು, ಒಂದು ಬೆಳ್ಳಿ ಬಣ್ಣದ್ದು. ಅವನು ಅವಕ್ಕೆ ಉದ್ದುದ್ದದ ಅಂಕಿ ಅಕ್ಷರದ ಹೆಸರು ಹೇಳುತ್ತಿದ್ದ. ನನಗೆ ನೆನಪಿರಲಿಲ್ಲ. ನಮ್ಮ ಕಡೆ ಕಂಬಳದ ಕೋಣಗಳ ಜೋಡಿಗೆ ಹೆಸರಿಡುವ ಹಾಗೆ ಕಪ್ಪಿಗೆ ಕಾಳ, ಬಿಳಿಗೆ ಬೊಳ್ಳ ಎಂದಿಟ್ಟೆ. ಎರಡು ದಿನದಲ್ಲಿ ಅವನ ಪಟ್ಟಿಯಲ್ಲೂ ಅದೇ ಹೆಸರು ಬಂತು. ಬೊಳ್ಳ ಸ್ವಲ್ಪ ಅಗ್ಗ, ಕಾಳ ಸ್ವಲ್ಪ ಭಾರ.

"ಇದರಲ್ಲಿ ಮುಖದ ಕಡೆಯ ಕ್ಯಾಮೆರಾ ಯಾವುದರದ್ದು ಒಳ್ಳೆಯದು?" ಎಂದೆ.

ಅವನು ಪಟ್ಟಿಯನ್ನು ಮೇಲಿಂದ ಕೆಳಗೆ, ಎಡದಿಂದ ಬಲಕ್ಕೆ ಓಡಿಸಿದ. ಅದೊಂದು ಇರಲಿಲ್ಲ. "ಫ್ರಂಟ್ ಕ್ಯಾಮೆರಾನಾ? ಬಜೆಟ್ ಟ್ಯಾಬಲ್ಲಿ ಅದನ್ನ ಯಾರು ನೋಡ್ತಾರೆ ಆಂಟಿ?"

"ನಮ್ಮಕ್ಕ ನೋಡ್ತಾಳೆ. ಅವಳು ನೋಡುವುದು ಅದೊಂದನ್ನೇ."

ಅವನು ತಲೆ ಕೆರೆದುಕೊಂಡು ಮತ್ತೆ ಮೊದಲಿನಿಂದ ಶುರು ಮಾಡಿದ. ಚಕ್ಕುಲಿ ಡಬ್ಬಿ ಖಾಲಿಯಾಗುತ್ತ ಬಂದಿತ್ತು. ಹೆಂಡತಿಗೆ ತಾಳ್ಮೆ ತಪ್ಪಿತು.

"ಅಲ್ರೀ, ಒಂದು ಹಲಗಿ ಆರಿಸಾಕ ಇಷ್ಟು ದಿನಾ? ನನ್ನ ನೋಡಾಕ ಬಂದಾಗ ಉಪ್ಪಿಟ್ಟು ತಿಂದು ಮುಗಿಸೂದ್ರಾಗ ಹೂಂ ಅಂದಿದ್ರಿ."

ಅವನು ಲ್ಯಾಪ್‌ಟಾಪಿನಿಂದ ತಲೆ ಎತ್ತಲಿಲ್ಲ. "ಅವಾಗ ಕಂಪೇರ್ ಮಾಡಕ್ಕೆ ಇನ್ನೊಂದು ಆಪ್ಶನ್ ಇರ್ಲಿಲ್ಲ ಕಣೇ."

"ನಿಮಗ ಇರ್ಲಿಲ್ಲೇನ್ರೀ? ಪಾಪ," ಎಂದಳು ಅವಳು, ಕೊನೆಯ ಚಕ್ಕುಲಿ ಮುರಿಯುತ್ತ. "ನನಗ ಇತ್ತು."

ಅವತ್ತು ಅವನು ಪಟ್ಟಿ ಅಲ್ಲಿಗೇ ಮುಚ್ಚಿ ಬೇಗ ಮೇಲೆ ಹೋದ.

ಮಾರ್ಕು

ಈ ಸುದ್ದಿ ಕೆಳಗಿನ ಮನೆಗೆ ಇಳಿಯಿತು. ಜರ್ಮನರು ಒಂದು ಬಕೆಟ್ ಕೊಳ್ಳುವುದಿದ್ದರೂ ಮೊದಲು ಅದನ್ನು ಯಾರಾದರೂ ಪರೀಕ್ಷೆ ಮಾಡಿ ಮಾರ್ಕು ಕೊಟ್ಟಿದ್ದಾರೋ ನೋಡುತ್ತಾರೆ. ಅದಕ್ಕೆಂದೇ ಪತ್ರಿಕೆಗಳಿವೆ. ನಮ್ಮ ಕೆಳಗಿನ ಮನೆಯವರು ಅಂಥ ಪತ್ರಿಕೆಗಳನ್ನು ವರ್ಷವಾರು ಜೋಡಿಸಿ ಇಟ್ಟವರು. ಕನ್ನಡಕ ಸರಿ ಮಾಡಿಕೊಳ್ಳುತ್ತ ಒಂದು ಸಂಚಿಕೆ ಹಿಡಿದು ಮೇಲೆ ಬಂದರು. ಅದರಲ್ಲಿ ಕಾಳನೂ ಇದ್ದ, ಬೊಳ್ಳನೂ ಇದ್ದ. ಕಾಳನಿಗೆ ಎರಡು ಮಾರ್ಕು, ಬೊಳ್ಳನಿಗೆ ಮೂರೂವರೆ.

ಹುಬ್ಬಳ್ಳಿ ಹುಡುಗಿ ಪತ್ರಿಕೆಯಲ್ಲಿ ಇಣುಕಿ ಚಪ್ಪಾಳೆ ತಟ್ಟಿದಳು. "ಬೊಳ್ಳ ಪಾಸ್ರೀ ಆಂಟಿ. ಫಸ್ಟ್ ಕ್ಲಾಸ್."

"ಬೊಳ್ಳ ಹಿಂದಿನ ಬೆಂಚು, ಮಗಳೇ," ಎಂದೆ. ಇಲ್ಲಿ ಶಾಲೆಯಲ್ಲೂ ಅಂಗಡಿಯಲ್ಲೂ ಒಂದು ಎಂದರೆ ಉತ್ತಮ, ಆರು ಎಂದರೆ ದೇವರೇ ಗತಿ. ನಮ್ಮಲ್ಲಿ ರ್‍ಯಾಂಕ್ ಇರುತ್ತದಲ್ಲ, ಹಾಗೆ. ಮಾರ್ಕು ಹೆಚ್ಚಾದಷ್ಟೂ ಮನೆಯಲ್ಲಿ ಅಳು.

ಇದನ್ನು ಕೇಳಿ ಅವಳ ಗಂಡನ ಮುಖ ಗಡ್ಡದ ಒಳಗೇ ಬಿಳಿಚಿಕೊಂಡಿತು. ಯಾಕೆ ಎಂದು ಬಿಡದೆ ಕೇಳಿದೆ. ಆಮೇಲೆ ಗೊತ್ತಾಯಿತು. ಅವನು ಇಲ್ಲಿಗೆ ಬಂದ ಹೊಸತರಲ್ಲಿ ಕೆಳಗಿನ ಮನೆಯವರ ಮೊಮ್ಮಗ ಮೆಟ್ಟಿಲ ಮೇಲೆ ಒಬ್ಬನೇ ಕೂತಿದ್ದನಂತೆ. ಇವನು ಮಾತಾಡಿಸಿ, ಲೆಕ್ಕದಲ್ಲಿ ಎಷ್ಟು ಬಂತು ಎಂದು ಕೇಳಿದನಂತೆ. ಮೊಮ್ಮಗ ಸಣ್ಣ ದನಿಯಲ್ಲಿ "ಐದು" ಎಂದನಂತೆ. ಆರಕ್ಕೆ ಐದು ಎಂದು ತಿಳಿದು ಇವನು ಬೆನ್ನು ತಟ್ಟಿ, "ಸೂಪರ್, ಹೀಗೇ ಮುಂದುವರಿಸು" ಎಂದು ಹೇಳಿ ದೊಡ್ಡ ಚಾಕೊಲೇಟ್ ಕೊಟ್ಟು ಬಂದಿದ್ದ.

ನಾನು ಇದನ್ನು ಕೆಳಗಿನ ಮನೆಯವರಿಗೆ ಜರ್ಮನಿನಲ್ಲಿ ಹೇಳಿದೆ. ಅವರು ಪತ್ರಿಕೆ ಮಡಿಸಿ ಮಡಿಲಲ್ಲಿ ಇಟ್ಟುಕೊಂಡರು.

"ಓ, ಅದು ನೀವೇನಾ?" ಎಂದರು ಹುಡುಗನಿಗೆ. "ಅವನು ಮುಂದುವರಿಸಿದ್ದಾನೆ."

ಅಂಗಡಿಯಲ್ಲಿ

ಪತ್ರಿಕೆಯೂ ಮುಖದ ಕಡೆಯ ಕ್ಯಾಮೆರಾದ ಬಗ್ಗೆ ಒಂದು ಸಾಲಿಗಿಂತ ಹೆಚ್ಚು ಬರೆದಿರಲಿಲ್ಲ. ಎರಡಕ್ಕೂ 'ತೃಪ್ತಿಕರ' ಎಂದಿತ್ತು. ಜರ್ಮನಿಯಲ್ಲಿ ತೃಪ್ತಿಕರ ಎಂದು ಬರೆದರೆ ಯಾರಿಗೂ ತೃಪ್ತಿಯಾಗಿಲ್ಲ ಎಂದು ತಿಳಿಯಬೇಕು. ಹಾಗಾಗಿ ಕಣ್ಣಾರೆ ನೋಡಿಯೇ ಬಿಡೋಣ ಎಂದು ಶನಿವಾರ ನಾನೂ ಹುಡುಗನೂ ಊರ ನಡುವಿನ ಎಲೆಕ್ಟ್ರಾನಿಕ್ಸ್ ಅಂಗಡಿಗೆ ಹೋದೆವು.

ಅಲ್ಲಿ ಕಾಳ, ಬೊಳ್ಳ ಇಬ್ಬರನ್ನೂ ಮೇಜಿಗೆ ಸರಪಳಿ ಹಾಕಿ ಕಟ್ಟಿದ್ದರು. ಹುಡುಗ ಕ್ಯಾಮೆರಾ ತೆರೆದು ಕೊಟ್ಟು, ಚಾರ್ಜರ್ ಕೇಬಲ್ ನೋಡಿ ಬರುತ್ತೇನೆ ಎಂದು ಹೋದ. ನಾನು ಕಾಳನ ಮುಂದೆ ನಿಂತು, ಶಬ್ದ ಬರದಂತೆ ತುಟಿ ಮಾತ್ರ ಆಡಿಸುತ್ತ, "ಅಕ್ಕಾ, ಊಟ ಆಯ್ತಾ? ಮೀನು ಎಂತ ತಂದದ್ದು?" ಎಂದು ಕೇಳಿದೆ. ಆಮೇಲೆ ಬೊಳ್ಳನ ಮುಂದೆ ಅದೇ. ಯಾವುದರಲ್ಲಿ ತುಟಿ ಸ್ಪಷ್ಟ ಎಂದು ತಿಳಿಯಲಿಲ್ಲ. ನನ್ನ ಮಾತು ನನಗೆ ಮೊದಲೇ ಗೊತ್ತಿತ್ತಲ್ಲ. ಮತ್ತೆ ಬಾಯಿ ಅಗಲ ಮಾಡಿ ನೋಡಿದೆ, ತುಟಿ ಮುಂದೆ ಮಾಡಿ ನೋಡಿದೆ. ಪಕ್ಕದಲ್ಲಿ ನಿಂತಿದ್ದ ಒಬ್ಬ ತಾಯಿ ಮಗುವನ್ನು ಇನ್ನೊಂದು ಬದಿಗೆ ಎಳೆದುಕೊಂಡಳು.

ಅಂಗಡಿಯ ಹುಡುಗ ಬಹಳ ಮೆತ್ತಗೆ ಹತ್ತಿರ ಬಂದ. "ಅಮ್ಮಾ, ಕೂರಬೇಕಾ? ನೀರು ತರಲಾ?" ಎಂದು ಜರ್ಮನಿನಲ್ಲಿ ಕೇಳಿದ.

"ನೀರು ಬೇಡ. ನಾನು ಈಗ ಏನು ಹೇಳಿದೆ, ಹೇಳು ನೋಡೋಣ," ಎಂದೆ.

"ನೀವು ಏನೂ ಹೇಳಲಿಲ್ಲ."

"ಅದೇ ತೊಂದರೆ."

ನಾನು ಎಷ್ಟೋ ವರ್ಷ ಆಸ್ಪತ್ರೆಯಲ್ಲಿ ಇಂಥ ಮೆತ್ತಗಿನ ದನಿಯಲ್ಲಿ ಮುದುಕಿಯರನ್ನು ಮಾತಾಡಿಸಿದವಳು. ಆ ದನಿ ನನ್ನ ಕಡೆಗೇ ಬಂದಾಗ ಹೊರಡುವುದು ಒಳ್ಳೆಯದು ಎಂದು ಗೊತ್ತಾಯಿತು. ಕೇಬಲ್ ನೋಡುತ್ತಿದ್ದ ನಮ್ಮ ಹುಡುಗನ ತೋಳು ಹಿಡಿದು ಹೊರಗೆ ಬಂದೆ.

ನಾನು ಬೆರಳು ಎಲ್ಲೆಲ್ಲೋ ಒತ್ತಿದ್ದರಿಂದ ಫೋಟೋಗಳು ಬಿದ್ದಿದ್ದವು ಎಂಬುದು ಆಗ ನಮಗೆ ತಿಳಿಯದು. ಆ ಯಂತ್ರ ತನ್ನಲ್ಲಿರುವ ಚಿತ್ರಗಳನ್ನು ತಾನೇ ಒಂದಾದ ಮೇಲೆ ಒಂದು ದೊಡ್ಡದಾಗಿ ತೋರಿಸುತ್ತ ಇರುವಂಥದ್ದು. ಸೋಮವಾರ ಕೆಳಗಿನ ಮನೆಯವರು ಬಲ್ಬು ತರಲು ಅದೇ ಅಂಗಡಿಗೆ ಹೋಗಿದ್ದರು. ಸಂಜೆ ಮೆಟ್ಟಿಲಲ್ಲಿ ಸಿಕ್ಕಿದರು.

"ಇವತ್ತು ನಿಮ್ಮನ್ನು ಅಂಗಡಿಯಲ್ಲಿ ನೋಡಿದೆ," ಎಂದರು. "ಒಂದು ಜಲಪಾತ, ನೀವು, ಒಂದು ಹಿಮದ ಬೆಟ್ಟ, ಮತ್ತೆ ನೀವು. ನಿಮ್ಮ ಹಿಂದಿನ ಹಲ್ಲು ಈ ವಯಸ್ಸಿಗೂ ಎಷ್ಟು ಚೆನ್ನಾಗಿವೆ."

ತೆಂಗಿನಕಾಯಿ

"ಆಂಟಿ, ಸುಮ್ನೆ ಎರಡೂ ತರಿಸಿಬಿಡೋಣ," ಎಂದ ಹುಡುಗ. "ಮನೇಲಿ ಟೆಸ್ಟ್ ಮಾಡಿ. ಎರಡು ವಾರದೊಳಗೆ ಬೇಡವಾದದ್ದು ವಾಪಸ್. ಇಲ್ಲಿ ಎಲ್ಲರೂ ಹಂಗೇ ಮಾಡೋದು. ಒಂದೇ ಕಂಡೀಷನ್ನು, ಹೊಸದರ ಹಂಗೇ ಇರ್ಬೇಕು. ಒಂದು ಗೀಟೂ ಬೀಳಬಾರದು."

ಎರಡು ಪಾರ್ಸೆಲ್ ಬಂದವು. ನಾನು ಮಂಡಿ ಡಾಕ್ಟರ ಹತ್ತಿರ ಹೋಗಿದ್ದೆ. ಹುಡುಗ ಆಫೀಸಿನಲ್ಲಿದ್ದ. ಪಾರ್ಸೆಲ್ ಇಸಿದುಕೊಂಡದ್ದು ಹುಬ್ಬಳ್ಳಿ ಹುಡುಗಿ. ನನ್ನ ಮನೆಯ ಇನ್ನೊಂದು ಕೀಲಿ ಅವಳ ಹತ್ತಿರ ಇರುತ್ತದೆ. ನಾನು ಬಾಗಿಲು ತೆರೆದಾಗ ಊದುಬತ್ತಿಯ ವಾಸನೆ.

ಒಳಗೆ ನನ್ನ ಊಟದ ಮೇಜಿನ ಮೇಲೆ ಕಾಳ, ಬೊಳ್ಳ ಅಕ್ಕಪಕ್ಕ ಒರಗಿ ನಿಂತಿದ್ದರು. ಹಣೆಗೆ ಅರಿಶಿನ, ಕುಂಕುಮ. ತಲೆಯ ಮೇಲೆ ಒಂದೊಂದು ಸೇವಂತಿಗೆ. ಸುತ್ತ ಅಕ್ಷತೆ. ಒಡೆದ ತೆಂಗಿನಕಾಯಿಯ ನೀರು ಒಂದು ಲೋಟದಲ್ಲಿ ನನಗೆಂದು ಮುಚ್ಚಿಟ್ಟಿತ್ತು.

"ಹೊಸಾ ಸಾಮಾನು ಹಂಗ ಹ್ಯಾಂಗ ಚಾಲೂ ಮಾಡೂದ್ರಿ ಆಂಟಿ," ಎಂದಳು ಅವಳು. "ನೀವು ಚರ್ಚಿಗೆ ಹೋಗೋರು, ನಿಮಗ ಇದೆಲ್ಲಾ ಬರಂಗಿಲ್ಲ. ಅದಕ ನಾನ ಮಾಡಿ ಮುಗಿಸೀನಿ."

"ಒಂದನ್ನು ವಾಪಸ್ ಕೊಡ್ಲಿಕ್ಕುಂಟಲ್ಲ, ಮಾರಾಯ್ತಿ. ಎರಡಕ್ಕೂ ಯಾಕೆ ಮಾಡಿದ್ದು?"

"ಒಂದಕ್ಕ ಮಾಡಿ ಇನ್ನೊಂದಕ್ಕ ಬಿಟ್ರ ಅದಕ ಬ್ಯಾಸರಾಗೂದಿಲ್ಲೇನ್ರಿ?"

ಅಷ್ಟರಲ್ಲಿ ಅವಳ ಗಂಡ ಬಂದ. ಬಾಗಿಲಲ್ಲೇ ನಿಂತ. ಹೊಸದರ ಹಾಗೇ ಇರಬೇಕಾದ ಎರಡೂ ವಸ್ತುಗಳು ಮದುವಣಿಗರ ಹಾಗೆ ನಿಂತಿದ್ದವು. ಕುಂಕುಮ ಸ್ಪೀಕರಿನ ತೂತುಗಳಲ್ಲಿ ಇಳಿದಿತ್ತು. ಅಕ್ಷತೆಯ ಒಂದು ಕಾಳು ಬೊಳ್ಳನ ಚಾರ್ಜಿಂಗ್ ತೂತಿನೊಳಗೆ ಸೇರಿ ಕೂತಿತ್ತು.

ಆಮೇಲೆ ನನ್ನ ಮೇಜು ಆಪರೇಷನ್ ಥಿಯೇಟರ್ ಆಯಿತು. ಹತ್ತಿ ಸುತ್ತಿದ ಕಡ್ಡಿ, ಸ್ಪಿರಿಟ್, ಚಿಮಟ ಎಲ್ಲ ನನ್ನ ಹಳೆಯ ಪೆಟ್ಟಿಗೆಯಲ್ಲೇ ಇದ್ದವು. ಕಾಯಿ ಒಡೆದ ಸದ್ದಿಗೆ ಏನಾಯಿತೆಂದು ಕೇಳಲು ಬಂದಿದ್ದ ಕೆಳಗಿನ ಮನೆಯವರು ಟಾರ್ಚ್ ಹಿಡಿದರು. ಹುಡುಗ ಬೊಳ್ಳನನ್ನು ಅಲುಗಾಡದಂತೆ ಹಿಡಿದ. ಮಕ್ಕಳ ಮೂಗಿನಿಂದ ಬಟಾಣಿ, ಗುಂಡಿ, ಒಮ್ಮೆ ಒಂದು ಸಣ್ಣ ಚಕ್ರವನ್ನೂ ತೆಗೆದ ಕೈ ನನ್ನದು. ಅಕ್ಕಿಕಾಳು ಮುರಿಯದೆ ಇಡಿಯಾಗಿ ಹೊರಗೆ ಬಂತು. ಹುಡುಗ ಉಸಿರು ಬಿಟ್ಟ. ಇಬ್ಬರನ್ನೂ ಉಜ್ಜಿ ಒರೆಸಿ ಮತ್ತೆ ಹೊಸದು ಮಾಡಿದೆವು.

ಕೆಳಗಿನ ಮನೆಯವರಿಗೆ ಈ ವಿಧಿಯ ಉದ್ದೇಶ ತಿಳಿಯಬೇಕಿತ್ತು. ಸಾಮಾನು ಕೆಡದೆ ಬಾಳಲಿ ಎಂದು ಮಾಡುವುದು ಎಂದು ವಿವರಿಸಿದೆ. ಅವರು ತೆಂಗಿನಕಾಯಿಯ ಎರಡು ಹೋಳನ್ನೂ ತಿರುಗಿಸಿ ನೋಡಿ, ಗಂಭೀರವಾಗಿ ಕೇಳಿದರು: "ಅಂಗಡಿಯವರು ಎರಡು ವರ್ಷ ಗ್ಯಾರಂಟಿ ಕೊಡುತ್ತಾರೆ. ಇದು ಅದರ ಜೊತೆಗೋ, ಅದು ಮುಗಿದ ಮೇಲೋ?"

ಭಾನುವಾರ

ವಾಪಸ್ ಕೊಡುವ ಗಡುವು ಹತ್ತಿರ ಬಂತು. ಭಾನುವಾರ ಪರೀಕ್ಷೆ ಎಂದು ನಿಶ್ಚಯವಾಯಿತು. ಬೇರೆ ಯಾರ ಅಭಿಪ್ರಾಯವೂ ಬೇಡ, ಅಕ್ಕನೇ ಹೇಳಲಿ. ಅಲ್ಲಿಯ ಸೊಸೆಗೆ ಮೊದಲೇ ಸುದ್ದಿ ಕೊಟ್ಟೆ. ಅವಳು ಹೇಳಿದಳು: "ಚಿಕ್ಕಮ್ಮ, ಅತ್ತೆ ಬರುವುದೇ ಇಲ್ಲ ಅಂತ ಕೂತಿದ್ರು. ಇದೊಂದು ಸಲ ಅಂತ ಒಪ್ಪಿಸಿದ್ದೇನೆ. ಈ ಸಲವೂ ಕಾಣದಿದ್ರೆ ಇನ್ನು ಕರೀಬೇಡಿ ಅಂದಿದ್ದಾರೆ."

ಹಾಗಾಗಿ ಚರ್ಚಿನಲ್ಲಿ ನನ್ನ ಪ್ರಾರ್ಥನೆ ಪೂರ್ತಿ ಕ್ಯಾಮೆರಾದ ಬಗ್ಗೆ ಇತ್ತು.

ನನ್ನ ಹಿಂದೆ ಹುಡುಗ, ಹುಡುಗಿ, ಕೆಳಗಿನ ಮನೆಯವರು, ಮೂವರೂ ಕುರ್ಚಿ ಹಾಕಿ ಕೂತರು. ಮೊದಲು ಬೊಳ್ಳನಿಂದ ಕರೆ ಮಾಡಿದೆವು. ಅಕ್ಕ ಬಂದು ಕೂತಳು. ಇಸ್ತ್ರಿ ಮಾಡಿದ ಸೀರೆ, ಮುಖದಲ್ಲಿ ನಗು.

"ಅಕ್ಕಾ, ಊಟ ಆಯ್ತಾ?"

"ಹೌದು, ಹೌದು."

"ಕಾಣ್ತದಾ ನಾನು?"

"ಹೌದು, ಹೌದು."

"ಮಳೆ ಉಂಟಾ?"

ಅಕ್ಕ ನಕ್ಕು ತಲೆಯಾಡಿಸಿದಳು. ನನಗೆ ಅನುಮಾನ ಬಂತು. ಅಕ್ಕ ಹುಟ್ಟಿದ ಮೇಲೆ ಸತತವಾಗಿ ಎರಡು ಸಲ ನನಗೆ ಹೌದು ಎಂದವಳಲ್ಲ. ಪರೀಕ್ಷಿಸೋಣ ಎಂದು, "ಅಪ್ಪನಿಗೆ ನಿನಗಿಂತ ನನ್ನ ಮೇಲೇ ಪ್ರೀತಿ ಜಾಸ್ತಿ ಇದ್ದದ್ದು, ಅಲ್ವಾ?" ಎಂದೆ.

"ಹೌದು ಮಾರಾಯ್ತಿ, ಹೌದು," ಎಂದಳು ಅಕ್ಕ, ಬಹಳ ಪ್ರೀತಿಯಿಂದ.

ಹಿಂದಿನಿಂದ ಹುಡುಗ, "ಆಂಟಿ, ಸೂಪರಾಗಿ ವರ್ಕ್ ಆಗ್ತಿದೆ. ಇದೇ ಫಿಕ್ಸ್ ಮಾಡಿ. ರೇಟೂ ಕಮ್ಮಿ," ಎಂದ. ಕೆಳಗಿನ ಮನೆಯವರು, "ಎಷ್ಟು ಸೌಮ್ಯ ಹೆಂಗಸು," ಎಂದು ಮೆಚ್ಚಿಕೊಂಡರು. ತುಟಿ ಕಾಣದೆ ಸುಮ್ಮನೆ ಹೌದೆನ್ನುತ್ತಿದ್ದಾಳೆ ಎಂದು ನನಗೆ ಮಾತ್ರ ಗೊತ್ತಾಯಿತು. ಯಾರೋ ಗುರುತಿಲ್ಲದವರಿಗೆ ಬಸ್ಸಿನಲ್ಲಿ ನಗುವ ಹಾಗೆ ಅಕ್ಕ ನನ್ನನ್ನು ನೋಡಿ ನಗುತ್ತಿದ್ದಳು.

"ಇನ್ನೊಂದು ಹಚ್ಚು," ಎಂದೆ.

ಕಾಳನಿಂದ ಕರೆ ಹೋಯಿತು. ಅಕ್ಕ ಅದೇ ನಗುಮುಖದಲ್ಲಿ ಟಿವಿ ನೋಡಿದಳು. ನಗು ನಿಧಾನಕ್ಕೆ ಇಳಿಯಿತು. ಕುರ್ಚಿಯಿಂದ ಮುಂದಕ್ಕೆ ಬಾಗಿದಳು. ಕನ್ನಡಕ ಮೇಲಕ್ಕೆ ತಳ್ಳಿದಳು.

"ಕೂದಲು ಯಾರು ಕತ್ತರಿಸಿದ್ದು? ಇಲಿಯಾ?"

"ಇಲ್ಲಿಯ ಪಾರ್ಲರಿನವಳು. ಚೆಂದ ಉಂಟಲ್ಲ?"

"ದುಡ್ಡು ವಾಪಸ್ ಕೇಳು."

ನನಗೆ ಎದೆ ತುಂಬಿ ಬಂತು. "ಅಪ್ಪನಿಗೆ ನನ್ನ ಮೇಲೇ ಪ್ರೀತಿ ಅಂತ ಈಗ ತಾನೇ ನೀನೇ ಒಪ್ಪಿದ್ದೀ," ಎಂದೆ.

"ಯಾರು, ನಾನಾ? ನನ್ನ ನಾಲಗೆ ಬಿದ್ದು ಹೋದ್ರೂ ಆ ಮಾತು ಬರ್ಲಿಕ್ಕಿಲ್ಲ. ನೀನು ಹುಟ್ಟಿದ ದಿನ ಅಪ್ಪ ಕಟಪಾಡಿಗೆ ನಾಟಕ ನೋಡ್ಲಿಕ್ಕೆ ಹೋಗಿದ್ರು. ಕರೆದ್ರೂ ಬರ್ಲಿಲ್ಲ."

ಜಗಳ ಚೆನ್ನಾಗಿ ಕಾವೇರಿತು. ನನಗೆ ಅರ್ಧದಲ್ಲಿ ಕೆಮ್ಮು ಬಂತು. ಹುಡುಗ ಮುಂದೆ ಬಗ್ಗಿ, "ಆಂಟಿ, ಈ ಮೈಕ್ ಗುರುತು ಒತ್ತಿ. ಮ್ಯೂಟ್ ಆಗುತ್ತೆ. ನೀವು ಏನು ಮಾತಾಡಿದ್ರೂ ಆ ಕಡೆಯವರಿಗೆ ಗೊತ್ತಾಗಲ್ಲ," ಎಂದು ತಾನೇ ಒತ್ತಿ ತೋರಿಸಿದ. ಅನುಕೂಲವೇ ಆಯಿತು ಎಂದು ನಾನು ಸ್ವಲ್ಪ ಹಿಂದೆ ತಿರುಗಿ ಹುಬ್ಬಳ್ಳಿ ಹುಡುಗಿಗೆ ಹೇಳಿದೆ: "ನೋಡಿದೆಯಲ್ಲ ಇವಳ ಬಾಯಿ? ಇವಳ ಮೀನುಸಾರೂ ಹೀಗೇ. ಬರೀ ಹುಳಿ."

"ಹುಳಿಯಾ?" ಎಂದಳು ಅಕ್ಕ ಟಿವಿಯ ಒಳಗಿನಿಂದ. "ಹೋದ ಸಲ ಬಂದಾಗ ಚಟ್ಟಿ ಓರೆ ಮಾಡಿ ಬಡಿಸಿಕೊಂಡು ಉಂಡದ್ದು ಯಾರು?"

ಹುಡುಗ ಬೆಚ್ಚಿದ. "ಮ್ಯೂಟಲ್ಲೇ ಇದೆಯಲ್ಲ ಆಂಟಿ. ಬಗ್ ಇರ್ಬೇಕು." ತೆಗೆದ, ಮತ್ತೆ ಒತ್ತಿದ. "ಈಗ ಏನಾದ್ರೂ ಅನ್ನಿ."

"ಇವಳಿಗೆ ಉಪ್ಪು ಹಾಕ್ಲಿಕ್ಕೂ ಬರುವುದಿಲ್ಲ," ಎಂದೆ.

"ನಿನಗೆ ಅಕ್ಕಿ ತೊಳೀಲಿಕ್ಕೆ ಕಲಿಸಿದ್ದೇ ನಾನು," ಎಂದಳು ಅಕ್ಕ.

ಹುಡುಗ ಯಂತ್ರವನ್ನು ತಿರುಗಿಸಿ ಹಿಂದೆ ನೋಡಿದ, ಮತ್ತೆ ಮುಂದೆ ತಿರುಗಿಸಿದ. ಹೆಂಡತಿ ಹಣೆ ಚಚ್ಚಿಕೊಂಡಳು. "ರೀ, ಅವರಿಗೆ ಕಿವಿ ಕೇಳಂಗಿಲ್ಲ. ನೀವು ಬಾಯಿ ಮುಚ್ಚದ ಬರೇ ಮೈಕ್ ಮುಚ್ಚಿದ್ರ ಏನ್ ಬಂತು?"

ಅವನು ಏನೋ ಗೊಣಗಿದ. ಅಕ್ಕ ಅವನ ಕಡೆ ಕಣ್ಣು ಕಿರಿದು ಮಾಡಿದಳು. "ಆ ಹುಡುಗನಿಗೆ ಹೇಳು, ನನ್ನ ಹತ್ರ ಮಾತಾಡುವುದಿದ್ರೆ ಗಡ್ಡ ತೆಗೆದು ಬರ್ಲಿ. ತುಟಿ ಎಲ್ಲಿ ಅಂತ ಹುಡುಕುವುದೇ ಆಯ್ತು."

ಕೆಳಗಿನ ಮನೆಯವರಿಗೆ ಒಂದು ಶಬ್ದವೂ ಅರ್ಥವಾಗಿರಲಿಲ್ಲ. ಆದರೆ ಎರಡು ಯಂತ್ರಗಳ ನಡುವಿನ ವ್ಯತ್ಯಾಸ ಸ್ಪಷ್ಟವಾಗಿ ತಿಳಿದಿತ್ತು. ಅವರು ಪಿಸುದನಿಯಲ್ಲಿ ಜರ್ಮನಿನಲ್ಲಿ, "ಮೊದಲನೆಯದನ್ನೇ ಇಟ್ಟುಕೊಳ್ಳಿ. ಅದರಲ್ಲಿದ್ದ ಅಕ್ಕ ಒಳ್ಳೆಯವರು," ಎಂದು ಸಲಹೆ ಕೊಟ್ಟರು.

"ಆ ಬಿಳಿ ಕೂದಲಿನವ್ರು ನನ್ನ ಸುದ್ದಿಯೇ ಹೇಳಿದ್ದು," ಎಂದಳು ಅಕ್ಕ. "ಭಾಷೆ ಯಾವುದಾದ್ರೆ ಎಂತ, ಚಾಡಿ ಹೇಳುವ ಬಾಯಿ ಎಲ್ಲಾ ಕಡೆ ಒಂದೇ." ಹಾಗೆ ಹೇಳಿ ಎದ್ದಳು. ಹೋಗುತ್ತ ತಿರುಗಿ, "ಮುಂದಿನ ಭಾನುವಾರ ಬೇಗ ಮಾಡು. ಇವತ್ತಿನದ್ದು ಮುಗೀಲಿಲ್ಲ," ಎಂದಳು.

ಮರುದಿನ ಸಂಜೆ ಹುಡುಗ ಬೊಳ್ಳನನ್ನು ಡಬ್ಬಿಯಲ್ಲಿ ಹಾಕಿ, ವಾಪಸ್ ಕಳಿಸುವ ಅರ್ಜಿಯನ್ನು ಲ್ಯಾಪ್‌ಟಾಪಿನಲ್ಲಿ ತುಂಬಿಸುತ್ತಿದ್ದ. ಅವನ ಗಡ್ಡ ಅರ್ಧಕ್ಕರ್ಧ ಸಣ್ಣದಾಗಿತ್ತು.

"ಆಂಟಿ, ರಿಟರ್ನಿಗೆ ಕಾರಣ ಕೇಳ್ತಿದ್ದಾರೆ. ಏನಾದ್ರೂ ಕೆಟ್ಟಿದೆಯಾ?"

"ಇಲ್ಲ."

"ಬಣ್ಣ ಇಷ್ಟ ಆಗ್ಲಿಲ್ವಾ? ಲೇಟಾಗಿ ಬಂತಾ?"

"ಅದೂ ಅಲ್ಲ."

"ಮತ್ತೆ ಏನು ಬರೀಲಿ?"

ಅಂಗಡಿಯವರಿಗೆ ಸುಳ್ಳು ಹೇಳುವುದು ಯಾಕೆ ಎಂದುಕೊಂಡು ಹೇಳಿದೆ:

"ಬರಿ. ಇದರಲ್ಲಿ ನಮ್ಮಕ್ಕ ತುಂಬಾ ಒಳ್ಳೆಯವಳಾಗಿ ಬರ್ತಾಳೆ."